ಲೆಬನಾನ್: ಪರದೇಶದಲ್ಲಿ ದುಡಿದವರ ಹಣ ಮುಳುಗಿತು, ಲೆಕ್ಕ ಕೇಳಬೇಕಾದವರು ಎಲ್ಲಿದ್ದರು?

ಕೋಡಿ ಕಡಲು

ಎಲ್ಲರಿಗೂ ನಮಸ್ಕಾರ. ಅಬುಧಾಬಿಯ ನಮ್ಮ ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನ ಹಿರಿಯರೊಬ್ಬರ ವಿಷಯ ಬರೆಯಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ. ಲೆಬನಾನಿನ ಝಹ್ಲೆ ಎಂಬ ಊರಿನವರು, ಸಿವಿಲ್ ಎಂಜಿನಿಯರ್. ನಾನು ಇಲ್ಲಿಗೆ ಬಂದ ಮೊದಲ ವಾರ ನನಗೆ ಮನೆ ಹುಡುಕಿಕೊಟ್ಟವರು ಅವರೇ. 26 ವರ್ಷ ಗಲ್ಫಿನಲ್ಲಿ ದುಡಿದು ಉಳಿಸಿದ್ದನ್ನೆಲ್ಲ ಬೈರೂತಿನ ಬ್ಯಾಂಕೊಂದರಲ್ಲಿ ಡಾಲರ್ ಖಾತೆಯಲ್ಲಿ ಇಟ್ಟಿದ್ದರು. 2019ರ ಅಕ್ಟೋಬರಿನಲ್ಲಿ ಆ ದೇಶದ ಬ್ಯಾಂಕುಗಳೆಲ್ಲ ಬಾಗಿಲು ಹಾಕಿದವು. ಎರಡು ವಾರ ಕಳೆದು ತೆರೆದಾಗ ಕೌಂಟರಿನಲ್ಲಿ ಜನ ಇದ್ದರು, ಹಣ ಇರಲಿಲ್ಲ. ಅವರ ಹಣ ಇವತ್ತಿಗೂ ಕೈಗೆ ಬಂದಿಲ್ಲ. ತಿಂಗಳಿಗೆ ಇಷ್ಟು ಅಂತ ಚೂರುಚೂರು ಬರ್ತದೆ, ಅಷ್ಟೇ. ನಿವೃತ್ತಿ ಆಗಿ ಊರಿಗೆ ಹೋಗಬೇಕಿದ್ದವರು ಇನ್ನೆರಡು ವರ್ಷ ಕೆಲಸ ಕೊಡಿ ಅಂತ ಅರ್ಜಿ ಹಾಕಿದ್ದಾರೆ.

ಮೊನ್ನೆ ಊಟದ ಹೊತ್ತಿಗೆ ಅವರು ಹೇಳಿದ ಮಾತು ತಲೆಯಿಂದ ಹೋಗ್ತಾ ಇಲ್ಲ. "ನಾನು ಯಾರಿಗೂ ಸಾಲ ಕೊಟ್ಟಿರಲಿಲ್ಲ, ಶೇರು ಕೊಂಡಿರಲಿಲ್ಲ. ಜೋಪಾನವಾಗಿಡಿ ಅಂತ ಕೊಟ್ಟಿದ್ದೆ."

ಲೆಬನಾನ್ ಎಷ್ಟು ದೊಡ್ಡದು ಅಂದರೆ 10,452 ಚದರ ಕಿಲೋಮೀಟರ್. ನಮ್ಮ ಉತ್ತರ ಕನ್ನಡ ಜಿಲ್ಲೆ 10,291. ಹೆಚ್ಚುಕಡಿಮೆ ಒಂದೇ ಅಳತೆ. ಅಷ್ಟು ಸಣ್ಣ ದೇಶ, ಬ್ರೆಜಿಲ್‌ನಿಂದ ಆಸ್ಟ್ರೇಲಿಯಾದವರೆಗೆ ಹರಡಿರುವ ಅವರ ಜನ, ಅವರೆಲ್ಲ ಕಳಿಸಿದ ದುಡ್ಡು. ಎಲ್ಲ ಬ್ಯಾಂಕುಗಳೂ ಒಟ್ಟಿಗೆ ಹೀಗಾಗುವುದು ಹೇಗೆ ಸಾಧ್ಯ? ಆಡಿಟ್ ಇರಲಿಲ್ಲವಾ, ಸಂಸತ್ತು ಇರಲಿಲ್ಲವಾ? ಬಲ್ಲವರು ಹೇಳಿ. ನನ್ನ ಅನುಮಾನ ಮೊದಲೇ ಹೇಳಿಬಿಡ್ತೇನೆ: ಹೊರಗಿನಿಂದ ದುಡ್ಡು ತಪ್ಪದೆ ಬರ್ತಾ ಇತ್ತಲ್ಲ, ಅದಕ್ಕೇ ಒಳಗಿನ ಲೆಕ್ಕ ನೋಡುವ ಗರಜು ಯಾರಿಗೂ ಬೀಳಲಿಲ್ಲ.

ಲೆಕ್ಕದ ಪುಸ್ತಕ

ಒಳ್ಳೆಯ ವಿಷಯ ಎತ್ತಿದ್ದೀರಿ ಸರ್. ನಾನು ಮೈಸೂರಿನಲ್ಲಿ ಸಿಎ. ಲೆಬನಾನಿನ ಕೇಂದ್ರ ಬ್ಯಾಂಕಿನ ಕಥೆಯನ್ನು ನಮ್ಮ ಆಫೀಸಿನ ಆರ್ಟಿಕಲ್ ಹುಡುಗರಿಗೆ ಪಾಠದ ಹಾಗೆ ಹೇಳ್ತೀನಿ. ಆದಷ್ಟು ಸರಳವಾಗಿ ಇಲ್ಲೂ ಹೇಳ್ತೀನಿ.

1975ರಿಂದ 1990ರವರೆಗೆ ಅಲ್ಲಿ ಅಂತರ್ಯುದ್ಧ. ಅದು ಮುಗಿದ ಮೇಲೆ ಸಾಲ ತಂದು ಬೈರೂತನ್ನು ಮತ್ತೆ ಕಟ್ಟಿದರು. 1997ರ ಡಿಸೆಂಬರಿನಿಂದ ಒಂದು ಡಾಲರಿಗೆ 1,507.5 ಲಿರಾ ಅಂತ ದರ ಕಟ್ಟಿಹಾಕಿದರು. ಜೇಬಿನಲ್ಲಿ ಲಿರಾ ಇದ್ದರೂ ಡಾಲರ್ ಇದ್ದರೂ ಒಂದೇ. ಅಂಗಡಿಯಲ್ಲಿ ಯಾವುದು ಕೊಟ್ಟರೂ ತಗೋತಿದ್ದರು. ಜನಕ್ಕೆ ನೆಮ್ಮದಿ. ಆದರೆ ದರವನ್ನು ಹಾಗೆ ನಿಲ್ಲಿಸಬೇಕಾದರೆ ಕೇಂದ್ರ ಬ್ಯಾಂಕಿನ ಕೈಲಿ ಸದಾ ಡಾಲರ್ ಇರಬೇಕು. ಆ ದೇಶ ಹೊರಗೆ ಮಾರುವುದು ಅತಿ ಕಡಿಮೆ. ಗೋಧಿ, ಪೆಟ್ರೋಲು, ಔಷಧಿ ಎಲ್ಲ ಹೊರಗಿನಿಂದಲೇ ಬರಬೇಕು. ಹಾಗಾದರೆ ಡಾಲರ್ ಎಲ್ಲಿಂದ? ನಿಮ್ಮ ಪಕ್ಕದ ಮೇಜಿನವರಿಂದ.

ಬ್ಯಾಂಕುಗಳು ಪರದೇಶದಲ್ಲಿರುವ ತಮ್ಮ ಜನರಿಂದ ಡಾಲರ್ ಡೆಪಾಸಿಟ್ ತಗೊಂಡವು. ಅದನ್ನು ಇನ್ನೂ ಹೆಚ್ಚಿನ ಬಡ್ಡಿಗೆ ಕೇಂದ್ರ ಬ್ಯಾಂಕಿನಲ್ಲಿ ಇಟ್ಟವು. ಕೇಂದ್ರ ಬ್ಯಾಂಕು ಆ ಡಾಲರನ್ನು ದರ ನಿಲ್ಲಿಸೋಕೆ, ಆಮದಿಗೆ, ಸರ್ಕಾರದ ಖರ್ಚಿಗೆ ಬಳಸಿತು. ಹಳಬರಿಗೆ ಬಡ್ಡಿ ಕೊಡೋಕೆ ಹೊಸಬರ ಡಾಲರ್ ಬೇಕಾಯಿತು. 2011ರಲ್ಲಿ ಪಕ್ಕದ ಸಿರಿಯಾದಲ್ಲಿ ಯುದ್ಧ ಶುರುವಾದ ಮೇಲೆ ಒಳಹರಿವು ಸಣ್ಣದಾಯಿತು. 2016ರಲ್ಲಿ "ಫೈನಾನ್ಶಿಯಲ್ ಎಂಜಿನಿಯರಿಂಗ್" ಅಂತ ಹೆಸರಿಟ್ಟು ಬ್ಯಾಂಕುಗಳಿಗೆ ಭಾರೀ ಲಾಭ ಕೊಟ್ಟು ಇನ್ನಷ್ಟು ಡಾಲರ್ ಎಳೆದರು. ಆಗಿನ ಒಟ್ಟು ಡೆಪಾಸಿಟ್ ಸುಮಾರು 170 ಬಿಲಿಯನ್ ಡಾಲರ್, ದೇಶದ ಜಿಡಿಪಿಯ ಮೂರು ಪಟ್ಟು. ಪಾಸ್‌ಬುಕ್ಕಿನಲ್ಲಿ ಆ ಅಂಕಿ ಇತ್ತು. ತಿಜೋರಿಯಲ್ಲಿ ಇರಲಿಲ್ಲ.

ಲೆಕ್ಕ ಬರೆಯುವವಳಾಗಿ ನನಗೆ ಅತಿ ಹೆಚ್ಚು ಬೇಸರ ತರುವುದು ಇನ್ನೊಂದು. ಕೇಂದ್ರ ಬ್ಯಾಂಕು ತನ್ನ ನಷ್ಟವನ್ನು ನಷ್ಟ ಅಂತ ಬರೆಯಲೇ ಇಲ್ಲ. ಮುಂದೆಂದೋ ಬರುವ ಲಾಭದಲ್ಲಿ ತೀರಿಸಿಕೊಳ್ತೀವಿ ಅಂತ ಅದನ್ನು ಆಸ್ತಿಯ ಕಡೆ ತೋರಿಸಿತು. ನಮ್ಮಲ್ಲಿ ಒಂದು ಕಿರಾಣಿ ಅಂಗಡಿಯವರು ಹಾಗೆ ಬರೆದು ತಂದರೆ ನಾನು ಸಹಿ ಹಾಕಲ್ಲ.

ಮಂಡ್ಯದ ಹುಡುಗ

ಮೇಡಂ, ಇದು ಥೇಟ್ ಬ್ಲೇಡ್ ಕಂಪನಿ ಅಲ್ವಾ? ಹೆಚ್ಚು ಬಡ್ಡಿ ಕೊಡ್ತೀವಿ ಅಂದರು, ಜನ ಹಾಕಿದರು, ಮುಳುಗಿತು. ಬೇಜಾರು ಮಾಡ್ಕೋಬೇಡಿ, ಹಾಕಿದವರಿಗೂ ಆಸೆ ಇತ್ತು ಅಂತ ನನಗನ್ನಿಸುತ್ತೆ. ಅಮೆರಿಕದಲ್ಲೇ ಡಾಲರಿಗೆ ಎರಡೂವರೆ ಪರ್ಸೆಂಟ್ ಸಿಗದ ಕಾಲದಲ್ಲಿ ಬೈರೂತಿನಲ್ಲಿ ಯಾರೋ ಎರಡಂಕಿ ಕೊಡ್ತೀವಿ ಅಂದರೆ ಅನುಮಾನ ಬರಬೇಕಲ್ವಾ?

ಕೋಡಿ ಕಡಲು

ಬೇಜಾರಿಲ್ಲ ತಮ್ಮಾ, ಈ ಪ್ರಶ್ನೆ ನಾನೂ ಅವರಿಗೆ ಕೇಳಿದ್ದೆ. ಎರಡಂಕಿ ಬಡ್ಡಿ ಸಿಕ್ಕಿದ್ದು ದೊಡ್ಡ ಮೊತ್ತವನ್ನು ವರ್ಷಗಟ್ಟಲೆ ಕಟ್ಟಿಹಾಕಿದವರಿಗೆ, ಅದೂ ಕೊನೆಕೊನೆಯಲ್ಲಿ. ಇವರದು ಆರರ ಆಸುಪಾಸು. ಬ್ಲೇಡ್ ಕಂಪನಿಗೆ ಲೈಸೆನ್ಸ್ ಇರುವುದಿಲ್ಲ. ಇಲ್ಲಿ ಲೈಸೆನ್ಸ್ ಕೊಡುವವರೇ "ಬನ್ನಿ, ಲಿರಾ ಗಟ್ಟಿ ಇದೆ" ಅಂತ ಟಿವಿಯಲ್ಲಿ ಹೇಳ್ತಿದ್ದರು. ಗವರ್ನರ್ ರಿಯಾದ್ ಸಲಾಮೆಗೆ ವಿದೇಶಿ ಹಣಕಾಸು ಪತ್ರಿಕೆಗಳು ಅತ್ಯುತ್ತಮ ಕೇಂದ್ರ ಬ್ಯಾಂಕರ್ ಅಂತ ಪ್ರಶಸ್ತಿ ಕೊಟ್ಟಿದ್ದವು. 2008ರಲ್ಲಿ ಜಗತ್ತಿನ ದೊಡ್ಡ ದೊಡ್ಡ ಬ್ಯಾಂಕುಗಳೇ ಬಿದ್ದಾಗ ಬೈರೂತಿನವು ನಿಂತಿದ್ದವು. ಆಗ ಇವರು ಲಂಡನ್ನಿನಲ್ಲಿದ್ದ ಉಳಿತಾಯವನ್ನೂ ತೆಗೆದು ಊರಿನ ಬ್ಯಾಂಕಿಗೆ ಹಾಕಿದರಂತೆ. ಇಂಥವರನ್ನು ಆಸೆಬುರುಕರು ಅನ್ನಲು ನನಗೆ ನಾಲಿಗೆ ಬರುವುದಿಲ್ಲ.

ಹಳೇ ಕೌಂಟರ್

ನಾನು ಮಂಗಳೂರು, ಉಡುಪಿ ಕಡೆಯ ಶಾಖೆಗಳಲ್ಲಿ 34 ವರ್ಷ ಕೆಲಸ ಮಾಡಿ ನಿವೃತ್ತನಾದವ. ನಮ್ಮ ಕರಾವಳಿಯ ಬ್ಯಾಂಕುಗಳ ಕೌಂಟರಿನಲ್ಲಿ ಕೂತವರಿಗೆ ಗಲ್ಫಿನ ದುಡ್ಡು ಎಂತದ್ದು ಅಂತ ಗೊತ್ತುಂಟು. ರಜೆಗೆ ಬಂದವರು ಮೊದಲು ದೇವಸ್ಥಾನಕ್ಕೋ ದರ್ಗಾಕ್ಕೋ ಇಗರ್ಜಿಗೋ ಹೋಗ್ತಿದ್ದರು, ಎರಡನೆಯದಾಗಿ ಬ್ಯಾಂಕಿಗೆ ಬರ್ತಿದ್ದರು. ಒಬ್ಬೊಬ್ಬರ ಎಫ್‌ಡಿ ರಸೀದಿಯಲ್ಲಿ ತಂಗಿಯ ಮದುವೆ, ಮನೆಯ ಸ್ಲ್ಯಾಬು, ತಮ್ಮನ ಕಾಲೇಜು ಇರ್ತಿತ್ತು.

ಲೆಬನಾನಿನವರು ಮಾಡಿದ್ದನ್ನು ನಮ್ಮ ದೇಶವೂ ಮಾಡಿದ್ದುಂಟು, ಇದನ್ನು ಮರೆಯಬಾರದು. 1991ರಲ್ಲಿ ನಮ್ಮ ವಿದೇಶಿ ವಿನಿಮಯ ಕೆಲವೇ ವಾರದ ಆಮದಿಗೆ ಸಾಲುವಷ್ಟು ಇಳಿದಾಗ ಅನಿವಾಸಿ ಡೆಪಾಸಿಟ್ಟುಗಳೇ ಮೊದಲು ಓಡಿದ್ದು. ಸುಮಾರು 47 ಟನ್ ಚಿನ್ನ ಇಂಗ್ಲೆಂಡು, ಜಪಾನಿನ ಕೇಂದ್ರ ಬ್ಯಾಂಕುಗಳಲ್ಲಿ ಅಡವು ಹೋಯಿತು. 1998ರಲ್ಲಿ ಪೋಖ್ರಾನ್ ಆದ ಮೇಲೆ ನಿರ್ಬಂಧ ಬಂತು. ಆಗ ರಿಸರ್ಜೆಂಟ್ ಇಂಡಿಯಾ ಬಾಂಡ್ ಹೊರಡಿಸಿ ಹೊರಗಿನ ನಮ್ಮವರಿಂದಲೇ 4.2 ಬಿಲಿಯನ್ ಡಾಲರ್ ಎತ್ತಿದರು. 2000ದಲ್ಲಿ ಮತ್ತೆ 5.5 ಬಿಲಿಯನ್. 2013ರಲ್ಲಿ ರೂಪಾಯಿ ಕುಸಿಯುವಾಗ ರಿಸರ್ವ್ ಬ್ಯಾಂಕು ವಿಶೇಷ ದರದ ಸೌಲಭ್ಯ ಕೊಟ್ಟು ಎಫ್‌ಸಿಎನ್‌ಆರ್ ಡೆಪಾಸಿಟ್, ಅಂದರೆ ಅನಿವಾಸಿಗಳು ವಿದೇಶಿ ಕರೆನ್ಸಿಯಲ್ಲೇ ಇಡುವ ಹಣ, ತರಿಸಿತು. ಮೂರು ಸಲವೂ ಹೇಳಿದ ದಿನಕ್ಕೆ ಹಣ ಹಿಂದೆ ಕೊಟ್ಟರು. 1998ರ ಬಾಂಡಿನ ಹಣ 2003ರಲ್ಲಿ ಬಂದಾಗ ನನ್ನ ಹತ್ತಿರ ಬಂದು ಕೈ ಹಿಡಿದು ಹೋದವರು ಇದ್ದಾರೆ.

ಎಂತಕ್ಕೆ ಇದನ್ನು ಹೇಳ್ತೇನೆ ಅಂದರೆ, ಹೊರಗಿನ ಮಕ್ಕಳ ಹತ್ತಿರ ಕಷ್ಟಕ್ಕೆ ಕೈ ಚಾಚುವುದು ಪಾಪ ಅಲ್ಲ ಮಾರಾಯ್ರೆ. ನಮ್ಮಲ್ಲಿ ಅದು ಮಳೆಗಾಲಕ್ಕೆ ಸೋರುವ ಮಾಡಿಗೆ ಹಾಕಿದ ತಾಡಪಾಲು. ಮಳೆ ನಿಂತ ಮೇಲೆ ಹಂಚು ಸರಿ ಮಾಡಿದರು. ಲೆಬನಾನಿನಲ್ಲಿ 22 ವರ್ಷ ತಾಡಪಾಲಿನ ಅಡಿಯಲ್ಲೇ ಸಂಸಾರ ಮಾಡಿದರು.

ಕೆಲಗೇರಿ

ಹಳೇ ಕೌಂಟರ್ ಸರ್, ಭಾಳ ಛಲೋ ಹೇಳಿದ್ರಿ. ನಾ ಧಾರವಾಡದಾಗ ರಾಜ್ಯಶಾಸ್ತ್ರ ಕಲಿಸ್ತೀನ್ರಿ. ಬ್ಯಾಂಕಿನ ಮಾತು ಆತು, ಸಂಸತ್ತಿನ ಮಾತು ಯಾರೂ ಎತ್ತಲಿಲ್ಲ. ನನಗ ಖರೇ ರೋಗ ಅಲ್ಲೇ ಅದ ಅನಸ್ತದ.

ಲೆಬನಾನ್ ಸಂವಿಧಾನದ 87ನೇ ಕಲಮಿನಾಗ ಸ್ಪಷ್ಟ ಬರದಾರ: ಒಂದು ವರ್ಷದ ಅಂತಿಮ ಲೆಕ್ಕ ಸಂಸತ್ತಿನ ಮುಂದ ಇಟ್ಟು ಒಪ್ಪಿಗಿ ತಗೊಂಡ ಮ್ಯಾಲೇನ ಅದರ ಮುಂದಿನ ಮರುವರ್ಷದ ಬಜೆಟ್ ಜಾರಿ ಮಾಡಬೇಕು ಅಂತ. ಲೆಕ್ಕ ತಪಾಸ ಮಾಡ್ಲಿಕ್ಕೆ ಒಂದು ಲೆಕ್ಕಪರಿಶೋಧನಾ ನ್ಯಾಯಾಲಯನೂ ಅದ, ಅರಬ್ಬಿಯೊಳಗ ದಿವಾನ್ ಅಲ್ ಮುಹಾಸಬಾ. ಕಾಗದದ ಮ್ಯಾಲೆ ಎಲ್ಲಾ ಅದ ನೋಡ್ರಿ. ನಡದದ್ದು ಏನು? 2005ರ ನಂತರ 2017ರ ತನಕ, 12 ವರ್ಷ, ಆ ದೇಶದ ಸಂಸತ್ತು ಒಂದೂ ಬಜೆಟ್ ಪಾಸ್ ಮಾಡಲಿಲ್ಲ. ಹಳೇ ಬಜೆಟ್ಟಿನ ಅಂಕಿ ಹಿಡಕೊಂಡು, ತಾತ್ಕಾಲಿಕ ಒಪ್ಪಿಗಿ ತಗೊಂಡು, ಮುಂಗಡ ಅಂತ ಹೇಳಿ ಖರ್ಚು ಹಾಕಿದ್ರು. ಅಂತಿಮ ಲೆಕ್ಕ ಇಲ್ಲ ಅಂದ ಮ್ಯಾಲೆ ಲೆಕ್ಕಪರಿಶೋಧಕರು ಯಾತರ ಮ್ಯಾಲೆ ಟಿಪ್ಪಣಿ ಬರೀಬೇಕು?

ಒಂದು ವಿದ್ಯುತ್ ಕಂಪನಿ ನೋಡ್ರಿ. ಸರ್ಕಾರದ್ದು. ದಿನಕ್ಕ ಪೂರಾ ಕರೆಂಟ್ ಎಂದೂ ಕೊಡಲಿಲ್ಲ. ಅದರ ನಷ್ಟ ತುಂಬಲಿಕ್ಕೆ ವರ್ಷಕ್ಕ ಒಂದೂವರಿಂದ ಎರಡು ಬಿಲಿಯನ್ ಡಾಲರ್ ಬೊಕ್ಕಸದಿಂದ ಹೋಗತಿತ್ತು. ನಮ್ಮಲ್ಲಿ ಇಂಥಾದ್ದು ಆದ್ರ ಸಿಎಜಿ ವರದಿ ಬರತದ, ಲೆಕ್ಕಪತ್ರ ಸಮಿತಿಯೊಳಗ ಜಗಳ ಆಗತಾವ, ಪೇಪರ್‌ನ್ಯಾಗ ಬರತದ. ಎಲ್ಲಾ ಸರಿ ಹೋಗತದ ಅಂತಲ್ಲ, ಆದ್ರ ಸುದ್ದಿ ಬರತದ. ಅಲ್ಲಿ 18 ಧಾರ್ಮಿಕ ಪಂಗಡ. ಅಧ್ಯಕ್ಷ ಮ್ಯಾರೊನೈಟ್ ಕ್ರಿಶ್ಚಿಯನ್, ಪ್ರಧಾನಿ ಸುನ್ನಿ, ಸ್ಪೀಕರ್ ಶಿಯಾ ಅಂತ ಹಂಚಿಕಿ. ಒಬ್ಬರ ಇಲಾಖೆಯ ಲೆಕ್ಕ ಇನ್ನೊಬ್ಬರು ಕೇಳಿದ್ರ ಅದು ಪಂಗಡದ ಮರ್ಯಾದಿ ಪ್ರಶ್ನೆ ಆಗತಿತ್ತು. ಹಿಂಗಾಗಿ ನೀ ನಂದು ಕೇಳಬ್ಯಾಡ, ನಾ ನಿಂದು ಕೇಳೂದಿಲ್ಲ. ಬೇಲಿ ಎದ್ದು ಹೊಲ ಮೇಯ್ತು ಅಂತೀವಲ್ರಿ, ಇಲ್ಲಿ ಬೇಲಿ ಹಾಕಲಿಕ್ಕೇ ಬಿಡಲಿಲ್ಲ.

ಲೆಕ್ಕದ ಪುಸ್ತಕ

ಕೆಲಗೇರಿ ಸರ್, ಒಂದು ಸಣ್ಣ ಮಾತು ಸೇರಿಸ್ತೀನಿ. ನಮ್ಮಲ್ಲೂ ಸಿಎಜಿ ತಾನಾಗೇ ಹೋಗಿ ರಿಸರ್ವ್ ಬ್ಯಾಂಕಿನ ಪುಸ್ತಕ ತೆರೆಯೋ ಹಾಗಿಲ್ಲ. ಆರ್‌ಬಿಐ ಕಾಯ್ದೆಯ ಪ್ರಕಾರ ಅದರ ಆಡಿಟರ್‌ಗಳನ್ನು ನೇಮಿಸೋದು ಕೇಂದ್ರ ಸರ್ಕಾರ. ಸರ್ಕಾರ ಹೇಳಿದರೆ ಮಾತ್ರ ಸಿಎಜಿ ನೋಡಬಹುದು. ಕೇಂದ್ರ ಬ್ಯಾಂಕಿಗೆ ಸ್ವಾತಂತ್ರ್ಯ ಬೇಕು, ಸರಿ. ಆ ಸ್ವಾತಂತ್ರ್ಯ ಬಡ್ಡಿದರ ನಿರ್ಧರಿಸೋಕೆ, ಪುಸ್ತಕ ಮುಚ್ಚಿಡೋಕೆ ಅಲ್ಲ. ಲೆಬನಾನಿನಲ್ಲಿ ಎರಡನ್ನೂ ಒಂದೇ ಮಾಡಿಬಿಟ್ಟರು.

ಕುಸಿದ ಮೇಲೆ ಆಡಿಟ್ ಮಾಡಿಸೋಕೆ ಹೊರಟರಲ್ಲ, ಅದರ ಕಥೆ ಕೇಳಿ. 2020ರ ಸೆಪ್ಟೆಂಬರಿನಲ್ಲಿ ಅಲ್ವಾರೆಜ್ ಅಂಡ್ ಮಾರ್ಸಲ್ ಅನ್ನೋ ಹೊರದೇಶದ ಸಂಸ್ಥೆಗೆ ಫೊರೆನ್ಸಿಕ್ ಆಡಿಟ್, ಅಂದರೆ ಅಕ್ರಮ ಹುಡುಕೋ ಲೆಕ್ಕತಪಾಸಣೆ, ಒಪ್ಪಿಸಿದರು. ಅವರು ಪ್ರಶ್ನೆಗಳ ಪಟ್ಟಿ ಕಳಿಸಿದರು. ಅರ್ಧದಷ್ಟಕ್ಕೂ ಉತ್ತರ ಬರಲಿಲ್ಲ. ಕಾರಣ ಕೇಳಿದರೆ 1956ರ ಬ್ಯಾಂಕಿಂಗ್ ಗೌಪ್ಯತೆ ಕಾಯ್ದೆ. ಕೇಂದ್ರ ಬ್ಯಾಂಕು ತನ್ನದೇ ಸರ್ಕಾರ ನೇಮಿಸಿದ ಆಡಿಟರಿಗೆ ಗುಟ್ಟು ಹೇಳಲ್ಲ ಅಂತ ಕೂತಿತು! ನವೆಂಬರಿನಲ್ಲಿ ಅವರು ಕೆಲಸ ಬಿಟ್ಟು ಹೋದರು. ಡಿಸೆಂಬರಿನಲ್ಲಿ ಸಂಸತ್ತು ಒಂದು ವರ್ಷಕ್ಕೆ ಗೌಪ್ಯತೆ ತೆಗೆಯಿತು. 2021ರ ಅಕ್ಟೋಬರಿನಲ್ಲಿ ಮತ್ತೆ ಶುರು. ಪ್ರಾಥಮಿಕ ವರದಿ ಹೊರಬಂದದ್ದು 2023ರ ಆಗಸ್ಟಿನಲ್ಲಿ, ಸಲಾಮೆ 30 ವರ್ಷದ ಅಧಿಕಾರ ಮುಗಿಸಿ ಇಳಿದ ಮೇಲೆ.

ಆ ವರದಿಯಲ್ಲಿ ಏನಿತ್ತು? 2015ರಲ್ಲಿ ಕೇಂದ್ರ ಬ್ಯಾಂಕಿನ ಬಳಿ ವಿದೇಶಿ ಹಣ 7.2 ಬಿಲಿಯನ್ ಡಾಲರ್ ಹೆಚ್ಚುವರಿ ಇತ್ತು. 2020ರ ಕೊನೆಗೆ 50.7 ಬಿಲಿಯನ್ ಕೊರತೆ. ಐದು ವರ್ಷದಲ್ಲಿ! ಅಕ್ರಮ ಅಂತ ಅನುಮಾನಿಸಿದ ಕಮಿಷನ್ 111 ಮಿಲಿಯನ್. ಸಲಾಮೆ ಮೇಲೆ ಹಣ ದುರುಪಯೋಗದ ಆರೋಪ ಇದೆ, ಅವರು ಅದನ್ನು ಅಲ್ಲಗಳೆಯುತ್ತಾರೆ. 2024ರ ಸೆಪ್ಟೆಂಬರಿನಲ್ಲಿ ಬಂಧನ, ಒಂದು ವರ್ಷದ ನಂತರ ಜಾಮೀನು. ನ್ಯಾಯಾಲಯ ತೀರ್ಮಾನಿಸಲಿ. ನನಗೆ ಕಾಣೋದು ಇಷ್ಟು: ಒಬ್ಬ ಮನುಷ್ಯ ತಿಂದದ್ದರಿಂದ 50 ಬಿಲಿಯನ್ ಹೋಗಲ್ಲ. ಎಲ್ಲರೂ ನೋಡ್ತಾ ನೋಡ್ತಾ, ಪ್ರತಿ ವರ್ಷ, ಸಹಿ ಹಾಕಿ ಹಾಕಿ ಹೋದದ್ದು ಅದು.

ತುಂಗಾತೀರ

ಓದುತ್ತಾ ಹೊಟ್ಟೆಯಲ್ಲಿ ಸಂಕಟ ಆಯಿತು. ನಮ್ಮ ಅಮ್ಮನ ಹಣವೂ ಒಂದು ಸಹಕಾರಿ ಬ್ಯಾಂಕಿನಲ್ಲಿ ಸಿಕ್ಕಿಬಿದ್ದಿತ್ತು. ಅಪ್ಪ ತೀರಿಕೊಂಡಾಗ ಬಂದ ಗ್ರಾಚುಯಿಟಿ. ಬ್ಯಾಂಕಿನ ಮುಂದೆ ಬಿಸಿಲಿನಲ್ಲಿ ಸಾಲು ನಿಂತಿದ್ದ ಹಿರಿಯರ ಮುಖಗಳು ಇನ್ನೂ ಕಣ್ಣ ಮುಂದಿವೆ. ಅಲ್ಲೂ ಅಷ್ಟೇ, ಆಡಿಟ್‌ನಲ್ಲಿ ವರ್ಷ ವರ್ಷ "ಎ" ದರ್ಜೆ. ಐದು ಲಕ್ಷದ ವಿಮೆ ಇದ್ದಿದ್ದಕ್ಕೆ ನಮ್ಮ ಮನೆ ಉಳಿಯಿತು. ಲೆಬನಾನಿನಲ್ಲಿ ಡೆಪಾಸಿಟ್ ವಿಮೆ ಇರಲಿಲ್ಲವಾ?

ಲೆಕ್ಕದ ಪುಸ್ತಕ

ಇತ್ತು ಅಕ್ಕ. 1966ರಲ್ಲಿ ಇಂಟ್ರಾ ಬ್ಯಾಂಕ್ ಅಂತ ಅಲ್ಲಿನ ಅತಿ ದೊಡ್ಡ ಬ್ಯಾಂಕು ಬಿತ್ತು. ವಿಮಾನ ಕಂಪನಿ, ಬಂದರು, ಕ್ಯಾಸಿನೊ ಎಲ್ಲದರಲ್ಲೂ ಅದರ ಪಾಲಿತ್ತು. ಅದಾದ ಮೇಲೆ ಬ್ಯಾಂಕಿಂಗ್ ನಿಯಂತ್ರಣ ಆಯೋಗವನ್ನೂ ಡೆಪಾಸಿಟ್ ಖಾತರಿ ಸಂಸ್ಥೆಯನ್ನೂ ಕಟ್ಟಿದರು. ಖಾತರಿ ಮಿತಿ 50 ಲಕ್ಷ ಲಿರಾ, ಹಳೆಯ ದರದಲ್ಲಿ ಸುಮಾರು 3,300 ಡಾಲರ್. ಆಮೇಲೆ ಏಳೂವರೆ ಕೋಟಿ ಲಿರಾಗೆ ಏರಿಸಿದರು. ಈಗಿನ ದರ ಡಾಲರಿಗೆ 89,500 ಲಿರಾ. ಭಾಗಿಸಿ ನೋಡಿ, 840 ಡಾಲರೂ ಆಗಲ್ಲ. ಇನ್ನೊಂದು, ಈ ಬ್ಯಾಂಕುಗಳನ್ನು ದಿವಾಳಿ ಅಂತ ಯಾರೂ ಘೋಷಿಸಲೂ ಇಲ್ಲ. ದಿವಾಳಿ ಆಗದೆ ವಿಮೆ ಹೇಗೆ ಕೊಡೋದು?

ಕುವೈತ್ ಕನ್ನಡತಿ

ನಾನು ಆಸ್ಪತ್ರೆಯಲ್ಲಿ ನರ್ಸ್. ಬ್ಯಾಲೆನ್ಸ್ ಶೀಟ್ ನನಗೆ ತಿಳಿಯುವುದಿಲ್ಲ, ಸೂಟ್‌ಕೇಸ್ ಗೊತ್ತು.

ನಮ್ಮ ವಾರ್ಡಿನಲ್ಲಿ ಲೆಬನಾನಿನ ಮೂವರು ಇದ್ದಾರೆ. ಇಬ್ಬರು ಬಂದದ್ದೇ 2020ರ ಆಗಸ್ಟ್ 4ರ ಬಂದರು ಸ್ಫೋಟದ ನಂತರ. 2,750 ಟನ್ ಅಮೋನಿಯಂ ನೈಟ್ರೇಟ್ ವರ್ಷಗಟ್ಟಲೆ ಗೋದಾಮಿನಲ್ಲಿ ಬಿದ್ದಿತ್ತು. ಅದೂ ಲೆಕ್ಕ ಕೇಳುವವರಿಲ್ಲದ ಸರಕೇ. ಅವರು ಕೆಲಸ ಮಾಡುತ್ತಿದ್ದ ಆಸ್ಪತ್ರೆಯ ಗೋಡೆಗಳೇ ಉದುರಿದವಂತೆ. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿದ ಪ್ರಕಾರ ಆ ದೇಶದ ನುರಿತ ವೈದ್ಯರಲ್ಲಿ ಸುಮಾರು 40 ಶೇಕಡಾ, ನರ್ಸ್‌ಗಳಲ್ಲಿ 30 ಶೇಕಡಾ ಮಂದಿ ಊರು ಬಿಟ್ಟಿದ್ದರು.

ಅವರು ರಜೆಗೆ ಹೊರಟರೆ ಸೂಟ್‌ಕೇಸಿನಲ್ಲಿ ಬಟ್ಟೆ ಇರುತ್ತಿರಲಿಲ್ಲ. ಬಿಪಿ ಮಾತ್ರೆ, ಥೈರಾಯ್ಡ್ ಮಾತ್ರೆ, ಮಕ್ಕಳ ಹಾಲಿನ ಪುಡಿ. ಪಕ್ಕದ ಮನೆಯವರ ಚೀಟಿ, ಚಿಕ್ಕಮ್ಮನ ಚೀಟಿ, ಮೇಷ್ಟ್ರ ಚೀಟಿ, ಎಲ್ಲರದ್ದೂ ಪಟ್ಟಿ ಮಾಡಿ ತೆಗೆದುಕೊಂಡು ಹೋಗುತ್ತಿದ್ದರು. ನಾವೆಲ್ಲ ಸೇರಿ ತುಂಬಿಸಿಕೊಟ್ಟಿದ್ದೇವೆ. ದುಡ್ಡನ್ನು ಮಾತ್ರ ಬ್ಯಾಂಕಿಗೆ ಹಾಕುವುದಿಲ್ಲ. ಒಳ ಜೇಬಿನಲ್ಲಿ ನೋಟು, ಇಲ್ಲವೆ ಮನಿ ಟ್ರಾನ್ಸ್‌ಫರ್ ಅಂಗಡಿ. ಅಲ್ಲಿ ಡಾಲರಿನಲ್ಲೇ ಎರಡು ಜಾತಿ ಹುಟ್ಟಿಕೊಂಡಿತು. 2019ಕ್ಕೆ ಮುಂಚೆ ಬ್ಯಾಂಕಿನಲ್ಲಿ ಸಿಕ್ಕಿಬಿದ್ದದ್ದು ಲೋಲರ್. ಈಗ ಹೊರಗಿನಿಂದ ಬರುವುದು ಫ್ರೆಶ್ ಡಾಲರ್. ಗೆಳತಿ ಹೇಳುತ್ತಾಳೆ, ಅಪ್ಪನ ದುಡಿಮೆ ಲೋಲರ್ ಆಯಿತು, ನನ್ನ ದುಡಿಮೆ ಫ್ರೆಶ್, ಎರಡೂ ಬೆವರೇ ಅಲ್ಲವಾ ಅಂತ.

2022ರಲ್ಲಿ ಬೈರೂತಿನ ಒಬ್ಬ ಹೆಣ್ಣುಮಗಳು ಆಟಿಕೆ ಪಿಸ್ತೂಲು ಹಿಡಿದು ಬ್ಯಾಂಕಿಗೆ ನುಗ್ಗಿ ತನ್ನ ಖಾತೆಯ 13,000 ಡಾಲರ್ ತೆಗೆದುಕೊಂಡು ಬಂದಳು, ತಂಗಿಯ ಕ್ಯಾನ್ಸರ್ ಚಿಕಿತ್ಸೆಗೆ. ಆ ವಿಡಿಯೊ ನೋಡಿ ನಮ್ಮ ಡ್ಯೂಟಿ ರೂಮಿನಲ್ಲಿ ಮೂವರೂ ಅತ್ತಿದ್ದರು.

ಮಂಡ್ಯದ ಹುಡುಗ

ಅಕ್ಕ, ಆಸೆ ಅಂತ ನಾನು ಮೊದಲು ಬರೆದದ್ದನ್ನು ವಾಪಸ್ ತಗೋತೀನಿ. ತಪ್ಪಾಯ್ತು.

ಆದರೆ ಇನ್ನೊಂದು ಕೇಳಬೇಕು. ವರ್ಷಕ್ಕೆ 6ರಿಂದ 7 ಬಿಲಿಯನ್ ಡಾಲರ್ ಹೊರಗಿನಿಂದ ಈಗಲೂ ಹೋಗ್ತಿದೆ ಅಂತ ಓದಿದೆ. ಈ ದುಡ್ಡೇ ಆ ರಾಜಕಾರಣಿಗಳನ್ನು ಉಳಿಸ್ತಿದೆ ಅಲ್ವಾ? ಜನ ಹಸಿವಿನಿಂದ ಬೀದಿಗೆ ಬರಲ್ಲ, ಯಾಕಂದರೆ ಮಗ ಕಳಿಸ್ತಾನೆ. ಒಂದೇ ಒಂದು ವರ್ಷ ಎಲ್ಲರೂ ಸೇರಿ ಕಳಿಸೋದು ನಿಲ್ಲಿಸಿದರೆ ಸರ್ಕಾರ ಮಂಡಿ ಊರಲ್ವಾ?

ಕುವೈತ್ ಕನ್ನಡತಿ

ಒಂದು ವರ್ಷ ಬಿಪಿ ಮಾತ್ರೆ ನಿಲ್ಲಿಸಿದರೆ ಏನಾಗುತ್ತದೆ ಅಂತ ನನಗೆ ಗೊತ್ತು ತಮ್ಮ. ಮಂಡಿ ಊರುವುದು ಸರ್ಕಾರ ಅಲ್ಲ. 2022ರ ವಿಶ್ವ ಬ್ಯಾಂಕ್ ಸಮೀಕ್ಷೆಯಲ್ಲಿ ನೋಡಿದ ಕಡೆಗಳಲ್ಲಿ 44 ಶೇಕಡಾ ಜನ ಬಡತನದಲ್ಲಿದ್ದರು, ಹತ್ತು ವರ್ಷದ ಹಿಂದೆ ಅದು 12. ಹೊರಗಿನಿಂದ ಏನೂ ಬಾರದ ಮನೆಗಳು ಹೇಗಿವೆ ಅಂತ ಇದರಲ್ಲೇ ಕಾಣುತ್ತದೆ. ಅಮ್ಮನಿಗೆ ಕಳಿಸುವ ದುಡ್ಡನ್ನು ಅಸ್ತ್ರ ಮಾಡು ಅಂತ ಯಾವ ಮಗಳಿಗೂ ಹೇಳಬೇಡ.

ಹಳೇ ಕೌಂಟರ್

ಕನ್ನಡತಿ ಹೇಳಿದ್ದು ನೂರಕ್ಕೆ ನೂರು ಸರಿ. ತಮ್ಮಾ, ಕಳಿಸುವ ದುಡ್ಡು ಬೇರೆ, ಇಡುವ ದುಡ್ಡು ಬೇರೆ. ಮನೆಗೆ ಕಳಿಸಿದ್ದು ಅಕ್ಕಿಯಾಗ್ತದೆ, ಫೀಸಾಗ್ತದೆ, ಮುಗಿಯಿತು. ಅದರ ಲೆಕ್ಕ ಅಮ್ಮ ಕೊಡ್ತಾಳೆ. ಬ್ಯಾಂಕಿನಲ್ಲಿ ಇಟ್ಟದ್ದು ಮಾತ್ರ ನಾವು ನೋಡದ ಕೈಗಳಿಗೆ ಹೋಗ್ತದೆ. ಗುಂಡಿ ತುಂಬಿಸಿದ್ದು ಆ ಎರಡನೆಯದು. ಮೊದಲನೆಯದನ್ನು ದೂರಬೇಡಿ.

ಕೋಡಿ ಕಡಲು

ಸರ್, ನಾನು ಮೊದಲ ಪೋಸ್ಟಿನಲ್ಲಿ ಈ ಎರಡನ್ನು ಬೆರೆಸಿ ಬರೆದಿದ್ದೆ. ನೀವು ಬಿಡಿಸಿ ಹೇಳಿದ್ದು ಒಳ್ಳೆಯದಾಯಿತು. ಹಾಗಾದರೆ ಇಡುವ ದುಡ್ಡಿಗೆ ಲೆಕ್ಕ ಕೇಳುವ ದಾರಿ ಹೊರಗಿದ್ದವರಿಗೆ ಯಾವುದಿತ್ತು?

ಕೆಲಗೇರಿ

ಓಟು ಒಂದು ದಾರಿ ಅದರಿ. ಅದು ಸಿಕ್ಕಿದ್ದೂ ತಡಾ ಆಗಿ. ಲೆಬನಾನಿನವರು ಹೊರದೇಶದಿಂದ ಮತ ಹಾಕಿದ್ದು ಮೊದಲನೇ ಸಲ 2018ರಾಗ. ಆಗ ಹೆಸರು ನೋಂದಾಯಿಸಿದವರು ಸುಮಾರು 83,000. ಬ್ಯಾಂಕು ಮುಳುಗಿದ ಮ್ಯಾಲೆ 2022ರಾಗ ಅದು ಸುಮಾರು 2 ಲಕ್ಷ 25 ಸಾವಿರ ಆತು. ದುಬೈ, ಪ್ಯಾರಿಸ್, ಸಿಡ್ನಿಯೊಳಗ ಉದ್ದುದ್ದ ಸಾಲು. ಹಳೇ ಪಕ್ಷಗಳ ಹೊರಗಿನ 13 ಹೊಸ ಮುಖ ಆರಿಸಿ ಬಂದ್ರು.

ಅದಕ್ಕ ಜಗಳ ಸುರು ಆತು. 2017ರ ಕಾಯ್ದೆಯೊಳಗ ಒಂದು ಕಲಮು ಅದ: ಹೊರದೇಶದವರಿಗೆ ಬ್ಯಾರೆ 6 ಸೀಟು, ಖಂಡಕ್ಕ ಒಂದರಂಗ. ಕೇಳಲಿಕ್ಕೆ ಛಂದ ಅನಸ್ತದ. ಆದ್ರ 128 ಸೀಟಿನ ಮ್ಯಾಲೆ ಪರಿಣಾಮ ಮಾಡೋ ಮತಾನ 6 ಸೀಟಿನ ಡಬ್ಬಿಯೊಳಗ ಹಾಕಿ ಮುಚ್ಚಿದಂಗ ಆಗತದ. ಝಹ್ಲೆಯವರು ಝಹ್ಲೆಯ ಪ್ರತಿನಿಧಿಗೆ ಓಟ್ ಹಾಕಲಿಕ್ಕೆ ಆಗೂದಿಲ್ಲ. 2022ರಾಗ ಆ ಕಲಮು ತಡೆಹಿಡಿದಿದ್ರು. 2025ರಾಗ ಮತ್ತ ಅದ ಜಗಳ ಸಂಸತ್ತಿನಾಗ. ದುಡ್ಡು ಬರಲಿ, ಪ್ರಶ್ನೆ ಬರಬಾರದು ಅನ್ನೋ ಬುದ್ಧಿ ಇದು, ನನಗ ಭಾಳ ಸಿಟ್ಟು ಬರತದ.

ನಮ್ಮದೂ ಹೇಳಬೇಕಲ್ರಿ. ಅನಿವಾಸಿ ಭಾರತೀಯರು ಊರಿಗೆ ಬಂದೇ ಓಟು ಹಾಕಬೇಕು. 2024ರಾಗ ನೋಂದಾಯಿಸಿದ ಸುಮಾರು 1 ಲಕ್ಷ 19 ಸಾವಿರ ಮಂದಿಯೊಳಗ ಬಂದು ಹಾಕಿದವರು 3,000ಕ್ಕಿಂತ ಕಡಿಮಿ. ಕೋಡಿ ಕಡಲು ಸರ್, ನೀವು ಹಾಕಿದ್ರೇನು?

ಕೋಡಿ ಕಡಲು

ಇಲ್ಲ ಸರ್. ಹೆಸರು ನೋಂದಾಯಿಸಿಯೇ ಇಲ್ಲ. ಈ ಪ್ರಶ್ನೆ ನನಗೆ ನಾಟಿತು.

ತುಂಗಾತೀರ

ಲೆಬನಾನಿನಲ್ಲಿ ಬೇಕಾದಷ್ಟು ಚಿನ್ನ ಇದೆಯಂತಲ್ಲ? ಅದನ್ನು ಮಾರಿ ಜನರ ಹಣ ಕೊಡಬಾರದೇ?

ಹಳೇ ಕೌಂಟರ್

ಸುಮಾರು 286 ಟನ್ ಉಂಟು ಅಮ್ಮಾ. 1986ರಲ್ಲಿ, ಯುದ್ಧದ ನಡುವೆ, ಸಂಸತ್ತಿನ ಒಪ್ಪಿಗೆ ಇಲ್ಲದೆ ಅದನ್ನು ಮುಟ್ಟಬಾರದು ಅಂತ ಕಾನೂನು ಮಾಡಿದರು. ಆ ದೇಶದಲ್ಲಿ ಉಳಿದ ಒಂದೇ ಒಂದು ಬೇಲಿ ಅದು ಅಂತ ಕಾಣ್ತದೆ. ಒಟ್ಟು ನಷ್ಟ 70 ಬಿಲಿಯನ್ ಡಾಲರಿನ ಆಚೆ. ಚಿನ್ನದ ಬೆಲೆ ಇಷ್ಟು ಏರಿದ ಮೇಲೂ ಅದು ಸಾಲದು. ಲೆಕ್ಕ ಸರಿ ಮಾಡದೆ ಚಿನ್ನ ಕರಗಿಸಿದರೆ ಅದೂ ಅದೇ ಗುಂಡಿಗೆ. ನಾನಾದರೆ ಮುಟ್ಟುವುದಿಲ್ಲ.

ಲೆಕ್ಕದ ಪುಸ್ತಕ

ಈಗ ಏನಾಗ್ತಿದೆ ಅನ್ನೋದನ್ನೂ ಹೇಳಬೇಕು, ಇಲ್ಲದಿದ್ದರೆ ಅನ್ಯಾಯ ಆಗುತ್ತೆ. 2025ರ ಜನವರಿಯಲ್ಲಿ ಜೋಸೆಫ್ ಔನ್ ಅಧ್ಯಕ್ಷರಾದರು. ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿದ್ದ ನವಾಫ್ ಸಲಾಂ ಪ್ರಧಾನಿ. ಕೇಂದ್ರ ಬ್ಯಾಂಕಿಗೆ ಹೊಸ ಗವರ್ನರ್ ಕರೀಂ ಸುವೈದ್. ಏಪ್ರಿಲ್‌ನಲ್ಲಿ ಗೌಪ್ಯತೆ ಕಾಯ್ದೆ ತಿದ್ದಿ, ಹಿಂದಿನ ಹತ್ತು ವರ್ಷದ ಖಾತೆಗಳನ್ನು ಪರಿಶೋಧಕರು ನೋಡೋ ಹಾಗೆ ಮಾಡಿದರು. ಡಿಸೆಂಬರಿನಲ್ಲಿ ಸಂಪುಟ ಒಪ್ಪಿದ ಕರಡಿನ ಪ್ರಕಾರ ಒಂದು ಲಕ್ಷ ಡಾಲರ್‌ವರೆಗಿನ ಡೆಪಾಸಿಟ್ಟನ್ನು ನಾಲ್ಕು ವರ್ಷದಲ್ಲಿ ಕೊಡಬೇಕು, ಅದಕ್ಕಿಂತ ಹೆಚ್ಚಿನದಕ್ಕೆ ದೀರ್ಘಾವಧಿ ಪತ್ರ (ಬಾಂಡ್ ಥರದ್ದು). ನಿಮ್ಮ ಹಿರಿಯರ ಮೊತ್ತ ಒಂದು ಲಕ್ಷದ ಒಳಗಿದ್ದರೆ ಒಂದಿಷ್ಟು ಆಸೆ ಇಟ್ಟುಕೊಳ್ಳಬಹುದು. ಆದರೆ ಸಂಪುಟದ ಕರಡು ಕಾನೂನಲ್ಲ.

ಇನ್ನೊಂದು ಕಡೆ, ಬ್ಯಾಂಕು ನಂಬದ ಜನ ಎಲ್ಲವನ್ನೂ ನೋಟಿನಲ್ಲೇ ನಡೆಸಿದ್ದರಿಂದ 2022ರ ಹೊತ್ತಿಗೆ ನಗದು ವ್ಯವಹಾರ ಜಿಡಿಪಿಯ ಅರ್ಧದ ಹತ್ತಿರ ಹೋಯಿತು. ಹಣ ಯಾರದ್ದು, ಎಲ್ಲಿಂದ ಬಂತು ಅಂತ ತಿಳಿಯೋ ದಾರಿ ಇಲ್ಲ. 2024ರ ಅಕ್ಟೋಬರಿನಲ್ಲಿ ಅಕ್ರಮ ಹಣದ ಓಡಾಟದ ಮೇಲೆ ಕಣ್ಣಿಡೋ ಅಂತರರಾಷ್ಟ್ರೀಯ ಸಂಸ್ಥೆ ಎಫ್‌ಎಟಿಎಫ್ ಆ ದೇಶವನ್ನು ಬೂದು ಪಟ್ಟಿಗೆ, ಅಂದರೆ ಹೆಚ್ಚಿನ ನಿಗಾ ಬೇಕಾದ ದೇಶಗಳ ಪಟ್ಟಿಗೆ, ಸೇರಿಸಿತು. ಹೊರಗಿನ ಬ್ಯಾಂಕುಗಳು ಅಲ್ಲಿಗೆ ಹೋಗೋ ಪ್ರತಿ ರವಾನೆಗೂ ಹೆಚ್ಚು ಕಾಗದ ಕೇಳ್ತವೆ. ಒಮ್ಮೆ ಉಳಿತಾಯ ಕಳೆದುಕೊಂಡವರೇ ಈಗ ಇನ್ನೂರು ಡಾಲರ್ ಮನೆಗೆ ಕಳಿಸೋಕೂ ಸಂಬಳದ ಚೀಟಿ ತೋರಿಸಬೇಕು.

ಕೋಡಿ ಕಡಲು

ಎಲ್ಲರಿಗೂ ತುಂಬಾ ಧನ್ಯವಾದ. ಇವತ್ತು ಊಟದ ಹೊತ್ತಿಗೆ ಇದನ್ನೆಲ್ಲ ಅವರಿಗೆ ಹೇಳಿದೆ, ಕನ್ನಡದಲ್ಲಿ ಬರೆದದ್ದನ್ನು ಇಂಗ್ಲಿಷಿಗೆ ತಿರುಗಿಸಿ. ತಾಡಪಾಲಿನ ಮಾತು ಕೇಳಿ ಎರಡು ಸಲ ಹೇಳಿಸಿಕೊಂಡರು. ಅವರ ಮೊತ್ತ ಒಂದು ಲಕ್ಷಕ್ಕಿಂತ ಹೆಚ್ಚೇ ಇದೆ ಮೇಡಂ.

ಒಂದು ಫೈಲು ತೋರಿಸಿದರು. ಮೊದಲ ಡೆಪಾಸಿಟ್ಟಿನ ರಸೀದಿಯಿಂದ ಹಿಡಿದು ಪ್ರತಿ ವರ್ಷದ ಸ್ಟೇಟ್‌ಮೆಂಟು, 2019ರ ನಂತರ ಬ್ಯಾಂಕಿಗೆ ಬರೆದ ಕಾಗದ, ಬಂದ ಉತ್ತರ, ಬಾರದ ಉತ್ತರಕ್ಕೆ ಖಾಲಿ ಹಾಳೆ. ಎಲ್ಲ ತಾರೀಕಿನ ಪ್ರಕಾರ. "ಅವರು ಲೆಕ್ಕ ಇಡಲಿಲ್ಲ, ನಾನು ಇಟ್ಟಿದ್ದೇನೆ" ಅಂದರು. ಮಗಳು ಮಾಂಟ್ರಿಯಲ್‌ನಲ್ಲಿದ್ದಾಳೆ. ಅವಳ ಓಟು ಮುಂದಿನ ಚುನಾವಣೆಯಲ್ಲಿ ಝಹ್ಲೆಗೇ ಬೀಳಬೇಕು ಅಂತ ಅವರ ಹಟ. ಫೈಲಿನ ಒಂದು ಪ್ರತಿ ಅವಳ ಹತ್ತಿರವೂ ಇದೆಯಂತೆ. ಲೆಕ್ಕದ ಪುಸ್ತಕ ಮೇಡಂ, ಆ ಕರಡಿನ ದೀರ್ಘಾವಧಿ ಪತ್ರದ ವಿಷಯ ಇನ್ನಷ್ಟು ವಿವರ ಸಿಕ್ಕಾಗ ಇಲ್ಲೇ ಬರೆಯುತ್ತೀರಾ? ಅವರಿಗೆ ಓದಿ ಹೇಳಬೇಕು.